ಬೈಕಿಗೆ ಸ್ವಯಂಚಾಲಿತ ಚೈನ್ ಆಯ್ಲರ್: ಯಾವುದು, ಎಲ್ಲಿ, ಎಷ್ಟು ಹನಿ?

ಮಳೆದಾರಿ:
ನನ್ನದು ಒಂಟಿ ಸಿಲಿಂಡರಿನ, ಇಂಧನ ಇಂಜೆಕ್ಷನ್ ಇರುವ ಬೈಕು. ದಿನವೂ ಹೆದ್ದಾರಿಯಲ್ಲಿ ಓಡಾಟ, ಮಳೆಗಾಲದಲ್ಲೂ ಬಿಡುವಿಲ್ಲ. ಸ್ಪ್ರೇ ಹೊಡೆದ ಮರುದಿನವೇ ಜೋರು ಮಳೆ ಬಂದರೆ ಚೈನು ಬರಿದಾಗುತ್ತದೆ. ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿದರೆ ಕೊಂಡಿಗಳ ಪಕ್ಕದ ತಗಡಿನ ಮೇಲೆ ಕಂದು ಬಣ್ಣ ಕಟ್ಟಿರುತ್ತದೆ. ಬೈಕಿಗೆ ನಡು ಸ್ಟ್ಯಾಂಡ್ ಇಲ್ಲ. ಪಕ್ಕದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸ್ವಲ್ಪ ತಳ್ಳಿ, ಸ್ವಲ್ಪ ಹೊಡೆದು, ಮತ್ತೆ ತಳ್ಳಿ ಎಣ್ಣೆ ಹಾಕುವ ಕೆಲಸ ಸಾಕಾಗಿದೆ.

ಹಾಗಾಗಿ ಓಡುವಾಗಲೇ ಎಣ್ಣೆ ಹನಿಸುವ ಆಯ್ಲರ್ ಹಾಕಿಸಿಕೊಳ್ಳಬೇಕೆಂದಿದ್ದೇನೆ. ನಿರ್ವಾತದಿಂದ ನಡೆಯುವುದು ಒಳ್ಳೆಯದೋ ಎಲೆಕ್ಟ್ರಾನಿಕ್ ಒಳ್ಳೆಯದೋ? ಯಾವ ಎಣ್ಣೆ? ನಳಿಕೆಯ ತುದಿ ಎಲ್ಲಿರಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಟೈರಿಗೆ ಎಣ್ಣೆ ಸಿಡಿಯುತ್ತದೆಯೇ ಎಂಬ ಭಯವಿದೆ.

ಹಳೆಸ್ಪಾನರ್:
ಪ್ರಶ್ನೆಗಳನ್ನು ಕೇಳಿದ ಕ್ರಮವನ್ನೇ ಬದಲಾಯಿಸಿಕೊಳ್ಳಿ ಎಂದು ಮೊದಲು ಹೇಳುತ್ತೇನೆ. ಯಾವ ಆಯ್ಲರ್ ಎಂಬುದು ಕೊನೆಯ ಪ್ರಶ್ನೆ. ನಳಿಕೆಯ ತುದಿ ಎಲ್ಲಿ ಕೂರುತ್ತದೆ, ಹನಿ ಎಷ್ಟು ಬೀಳುತ್ತದೆ ಎಂಬ ಎರಡು ವಿಷಯಗಳು ಸರಿಯಾಗಿದ್ದರೆ ಕೈಯಿಂದ ಹಿಂಡುವ ಬಾಟಲಿಯ ಲೂಬ್‌ಮನ್ ಕೂಡ ಚೈನನ್ನು ಚೆನ್ನಾಗಿ ಕಾಪಾಡುತ್ತದೆ. ಅವೆರಡೂ ತಪ್ಪಿದ್ದರೆ ಅತಿ ದುಬಾರಿ ಸಾಧನವೂ ರಿಮ್ಮಿಗೆ ಎಣ್ಣೆ ಬಳಿಯುತ್ತದೆಯೇ ಹೊರತು ಚೈನಿಗೆ ಕೊಡುವುದಿಲ್ಲ.

ತುದಿಯ ಜಾಗ: ಹಿಂದಿನ ಸ್ಪ್ರಾಕೆಟ್ಟಿನ, ಅಂದರೆ ಚೈನು ಕೂರುವ ಹಲ್ಲುಚಕ್ರದ, ಕೆಳಭಾಗ. ಚೈನು ಎಡಗಡೆ ಇರುವ ಬೈಕಿನಲ್ಲಿ ಎಡಗಡೆಯಿಂದ ನಿಂತು ಸ್ಪ್ರಾಕೆಟ್ಟನ್ನು ಗಡಿಯಾರ ಎಂದುಕೊಂಡರೆ ಏಳು ಗಂಟೆಯ ಜಾಗ. ಚೈನು ಬಲಗಡೆ ಇದ್ದರೆ ಐದು ಗಂಟೆ. ಅಲ್ಲಿಯೇ ಏಕೆಂದರೆ, ಮುಂದಿನ ಸ್ಪ್ರಾಕೆಟ್ಟಿನಿಂದ ಹೊರಟು ಕೆಳಗಿನಿಂದ ಸಡಿಲವಾಗಿ ಬರುವ ಚೈನು ಹಿಂದಿನ ಹಲ್ಲುಗಳನ್ನು ಹಿಡಿಯುವುದು ಅದರ ಪಕ್ಕದಲ್ಲೇ. ಬರಿದಾಗಿರುವ ಹಲ್ಲಿನ ಬುಡಕ್ಕೆ ಎಣ್ಣೆ ಮುಟ್ಟಿದರೆ ತಿರುಗುವ ವೇಗ ಅದನ್ನು ಹೊರಕ್ಕೆ, ಹಲ್ಲಿನ ತುದಿಯ ಕಡೆಗೆ ಎಳೆಯುತ್ತದೆ. ಅಷ್ಟರಲ್ಲಿ ಚೈನು ಬಂದು ಆ ಹಲ್ಲಿನ ಮೇಲೆ ಕೂತಿರುತ್ತದೆ. ಎಣ್ಣೆ ಹೋಗಬೇಕಾದ ರೋಲರ್ (ಹಲ್ಲುಗಳ ಮೇಲೆ ಉರುಳುವ ಉರುಳೆ) ಮತ್ತು ಪಕ್ಕದ ತಗಡುಗಳಿಗೆ ನೇರವಾಗಿ ಹೋಗುತ್ತದೆ.

ತುದಿ ಸ್ಪ್ರಾಕೆಟ್ಟಿನ ಮುಖವನ್ನು ಹಗುರವಾಗಿ ಮುಟ್ಟುತ್ತಿರಬೇಕು. ಈ ಮಾತನ್ನು ಹಲವರು ಕಡೆಗಣಿಸುತ್ತಾರೆ. ತುದಿಗೂ ಲೋಹಕ್ಕೂ ನಡುವೆ ಎರಡು ಮಿಲಿಮೀಟರ್ ಜಾಗ ಬಿಟ್ಟರೂ ಹನಿ ತುದಿಯಲ್ಲಿ ತೂಗಾಡುತ್ತಾ ದೊಡ್ಡದಾಗುತ್ತದೆ, ವೇಗ ಹೆಚ್ಚಾದಾಗ ಗಾಳಿ ಅದನ್ನು ಕಿತ್ತು ಟೈರಿನ ಕಡೆಗೆ ಎಸೆಯುತ್ತದೆ. ಮುಟ್ಟಿಕೊಂಡಿದ್ದರೆ ಹನಿ ಕಟ್ಟುವ ಮೊದಲೇ ಎಣ್ಣೆ ಲೋಹದ ಮೇಲೆ ತೆಳ್ಳಗೆ ಹರಡುತ್ತದೆ. ಪ್ಲಾಸ್ಟಿಕ್ ತುದಿಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಓರೆಯ ಮುಖ ಸ್ಪ್ರಾಕೆಟ್ಟಿಗೆ ಒರಗುವಂತೆ ಇಡಿ. ಬೋಲ್ಟ್ ತಲೆಗಳಿಗೂ ಹಲ್ಲಿನ ಬುಡಕ್ಕೂ ನಡುವೆ ಒಂದು ಸಪಾಟು ಪಟ್ಟಿ ಇರುತ್ತದೆ. ತುದಿ ಅದರ ಮೇಲೆಯೇ ಇರಬೇಕು. ಒಳಕ್ಕೆ ಸರಿದರೆ ಬೋಲ್ಟ್ ತಲೆ ಬಡಿಯುತ್ತದೆ, ಹೊರಕ್ಕೆ ಸರಿದರೆ ಚೈನು ಕಚ್ಚಿಕೊಳ್ಳುತ್ತದೆ.

ಒಣದಾರಿ:
ನಾನು ಇದಕ್ಕೆ ಒಪ್ಪುವುದಿಲ್ಲ. ಇಂದಿನ ಬೈಕುಗಳಲ್ಲಿ ಬಹುಪಾಲು ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನುಗಳೇ ಇರುತ್ತವೆ. ಕೊಂಡಿಗಳನ್ನು ಜೋಡಿಸುವ ಪಿನ್ನಿಗೂ ಅದರ ಸುತ್ತಲಿನ ಬುಷ್ ಎಂಬ ಕೊಳವೆಗೂ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ರಬ್ಬರ್ ಉಂಗುರದಿಂದ ಮುಚ್ಚಿರುತ್ತಾರೆ. ಚೈನು ಉದ್ದವಾಗುವುದು ಅಲ್ಲಿನ ಸವೆತದಿಂದ. ಹೊರಗಿನಿಂದ ಎಷ್ಟೇ ಎಣ್ಣೆ ಹನಿಸಿದರೂ ಅದು ಆ ಉಂಗುರ ದಾಟಿ ಒಳಗೆ ಹೋಗುವುದಿಲ್ಲ. ಹೀಗಿರುವಾಗ ಟ್ಯಾಂಕು, ಕೊಳವೆ, ಕವಾಟ ಎಂದೆಲ್ಲ ಕಟ್ಟಿಕೊಂಡು ಬೈಕನ್ನು ಕೊಳಕು ಮಾಡಿಕೊಳ್ಳುವುದು ಏಕೆ? ಮೇಣದ ಸ್ಪ್ರೇ ತೆಳ್ಳಗೆ ಹೊಡೆದು ಒಂದು ರಾತ್ರಿ ಬಿಟ್ಟರೆ ಚೈನು ಶುಭ್ರವಾಗಿಯೂ ಇರುತ್ತದೆ, ಧೂಳೂ ಅಂಟುವುದಿಲ್ಲ.

ಹಳೆಸ್ಪಾನರ್:
ಒಳಗಿನ ಗ್ರೀಸನ್ನು ಆಯ್ಲರ್ ತುಂಬಿಕೊಡುವುದಿಲ್ಲ ಎಂಬ ನಿಮ್ಮ ಮಾತು ಪೂರ್ತಿ ಸರಿ. ತುಂಬಿಕೊಡುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಆದರೆ ಚೈನಿನಲ್ಲಿ ಉಜ್ಜುವ ಜಾಗ ಅದೊಂದೇ ಅಲ್ಲ. ರೋಲರಿಗೂ ಬುಷ್ಷಿಗೂ ನಡುವಿನ ಜಾಗ ಉಂಗುರದ ಹೊರಗಿದೆ, ಅಲ್ಲಿ ಕಾರ್ಖಾನೆಯ ಗ್ರೀಸಿನ ರಕ್ಷಣೆ ಇಲ್ಲ. ರೋಲರಿಗೂ ಹಲ್ಲಿಗೂ ನಡುವೆ ಉಜ್ಜಾಟ ಇದೆ. ರಬ್ಬರ್ ಉಂಗುರವೇ ತಗಡಿನ ಮೇಲೆ ಉಜ್ಜುತ್ತದೆ. ಆ ಉಂಗುರ ಒಣಗಿ ಸೀಳಿದರೆ ಒಳಗಿನ ಗ್ರೀಸ್ ಹೊರಬಂದು ನೀರು ಒಳಹೋಗುತ್ತದೆ, ಅಲ್ಲಿಂದ ಮುಂದೆ ಆ ಕೊಂಡಿ ಬಿಗಿಯುತ್ತದೆ. ಅಂದರೆ ಹೊರಗಿನ ಎಣ್ಣೆ ಕಾಯುವುದು ಗ್ರೀಸನ್ನು ಕಾಯುವ ಕಾವಲುಗಾರನನ್ನು.

ಧೂಳಿನ ಮಾತಿಗೆ ಬಂದರೆ, ಎಣ್ಣೆ ಎಂದಾಕ್ಷಣ ಅಂಟು ಎಂದುಕೊಳ್ಳಬೇಡಿ. ದಪ್ಪ ಅಂಟಿನ ಸ್ಪ್ರೇ ಮರಳಿನ ಕಣವನ್ನು ಹಿಡಿದು ಅಲ್ಲಿಯೇ ಕೂರಿಸುತ್ತದೆ. ತೆಳು ಎಣ್ಣೆ ನಿರಂತರವಾಗಿ ಸ್ವಲ್ಪಸ್ವಲ್ಪ ಬರುತ್ತಾ ಹಳೆಯ ಎಣ್ಣೆಯನ್ನೂ ಕಣವನ್ನೂ ಹೊರಕ್ಕೆ ತಳ್ಳುತ್ತದೆ. ಆ ಕಪ್ಪು ದ್ರವವೇ ರಿಮ್ಮಿನ ಮೇಲೆ ಕಾಣುವ ಸಣ್ಣ ಚುಕ್ಕೆಗಳು. ಮೇಣದ ಸ್ಪ್ರೇ ಒಣ ಊರುಗಳಲ್ಲಿ, ವಾರಾಂತ್ಯದ ಸವಾರಿಗೆ ಚೆನ್ನ, ಅದನ್ನು ನಿರಾಕರಿಸುವುದಿಲ್ಲ. ಆದರೆ ಪ್ರಶ್ನೆ ಕೇಳಿದವರು ದಿನವೂ ಮಳೆಯಲ್ಲಿ ಓಡಾಡುವವರು. ಕೈಪಿಡಿಗಳು ಸಾಮಾನ್ಯವಾಗಿ 500ರಿಂದ 1000 ಕಿ.ಮೀ.ಗೊಮ್ಮೆ, ಮಳೆಯಲ್ಲಿ ಓಡಿಸಿದರೆ ಅದಕ್ಕೂ ಮೊದಲೇ ಎಣ್ಣೆ ಹಾಕಿ ಎನ್ನುತ್ತವೆ. ಮಳೆಗಾಲದ ಹೆದ್ದಾರಿಯಲ್ಲಿ ಅದನ್ನು ಪಾಲಿಸಲು ಎಷ್ಟು ಜನರಿಗೆ ಸಾಧ್ಯ?

ಇದು ಹೊಸ ಯೋಚನೆಯೂ ಅಲ್ಲ. ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೋಲರ್ ಚೈನನ್ನು ರೂಪಿಸಿದಾಗಿನಿಂದ ಅದಕ್ಕೆ ಎಣ್ಣೆ ಮುಟ್ಟಿಸುವ ದಾರಿ ಹುಡುಕುತ್ತಲೇ ಬಂದಿದ್ದಾರೆ. 1969ರಲ್ಲಿ ಬಂದ ಹೋಂಡಾ ಸಿಬಿ750ರ ಮೊದಲ ಮಾದರಿಗಳಲ್ಲಿ ಮುಂದಿನ ಸ್ಪ್ರಾಕೆಟ್ಟಿನ ದಂಡದ ಮೂಲಕವೇ ಚೈನಿಗೆ ಎಣ್ಣೆ ಬರುವ ಏರ್ಪಾಡಿತ್ತು. ಪೂರ್ವ ಜರ್ಮನಿಯ ಎಂಜೆಡ್ (MZ) ಬೈಕುಗಳಲ್ಲಿ ಇಡೀ ಚೈನನ್ನು ರಬ್ಬರ್ ಕೊಳವೆಯೊಳಗೆ ಮುಚ್ಚಿಬಿಟ್ಟಿದ್ದರು. ನನ್ನನ್ನು ಕೇಳಿದರೆ ಅದೇ ಎಲ್ಲಕ್ಕಿಂತ ಒಳ್ಳೆಯ ಪರಿಹಾರವಾಗಿತ್ತು, ನೋಟಕ್ಕೆ ಚೆಂದವಿಲ್ಲವೆಂದು ಉಳಿದವರು ಅದನ್ನು ಅನುಸರಿಸಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ.

ಮಳೆದಾರಿ:
ಇಬ್ಬರಿಗೂ ವಂದನೆಗಳು. ಉಂಗುರದ ವಿಷಯ ಸ್ಪಷ್ಟವಾಯಿತು. ಈಗ ಸಾಧನದ ಆಯ್ಕೆ. ನನ್ನ ಎಂಜಿನ್ನಿಗೆ ನಿರ್ವಾತದ ಕೊಳವೆ ಜೋಡಿಸಬಹುದೇ?

ಗೇರ್‌ಬಾಕ್ಸ್:
ನಿರ್ವಾತದ ಮಾದರಿಗಳಲ್ಲಿ ಸ್ಕಾಟ್‌ಆಯ್ಲರ್ ಹೆಸರುವಾಸಿ. ಕೆಲಸ ಮಾಡುವ ಬಗೆ ಸರಳ. ಎಂಜಿನ್ ಓಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ನಿರ್ವಾತ ಉಂಟಾಗುತ್ತದೆ. ಅದು ಎಣ್ಣೆ ಟ್ಯಾಂಕಿನೊಳಗಿನ ಕವಾಟವನ್ನು ಮೇಲೆತ್ತುತ್ತದೆ, ಎಣ್ಣೆ ತನ್ನ ಭಾರದಿಂದ ಕೆಳಗಿಳಿಯುತ್ತದೆ. ಎಂಜಿನ್ ನಿಂತರೆ ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ತಂತಿಯ ಜೋಡಣೆ ಇಲ್ಲ, ಬ್ಯಾಟರಿಯ ಚಿಂತೆ ಇಲ್ಲ.

ನಿಮ್ಮದು ಒಂಟಿ ಸಿಲಿಂಡರ್ ಆದ್ದರಿಂದ ನಿರ್ವಾತ ಒಂದೇ ಸಮನೆ ಇರುವುದಿಲ್ಲ, ಪ್ರತಿ ಹೀರಿಕೆಗೂ ಬಡಿಯುತ್ತದೆ. ಕೊಳವೆಯಲ್ಲಿ ಸಣ್ಣ ರಂಧ್ರದ ತಡೆಯೊಂದನ್ನು ಸೇರಿಸಿ ಆ ಬಡಿತವನ್ನು ತಗ್ಗಿಸಬೇಕು. ಇನ್ನೊಂದು ಎಚ್ಚರಿಕೆ: ಥ್ರಾಟಲ್ ಬಾಡಿಯಲ್ಲಿ (ಗಾಳಿಯ ಹರಿವನ್ನು ನಿಯಂತ್ರಿಸುವ ಭಾಗ) ಖಾಲಿ ನಿರ್ವಾತದ ತೂತು ಇದ್ದರೆ ಅದನ್ನೇ ಬಳಸಿ. ಮ್ಯಾನಿಫೋಲ್ಡ್ ಒತ್ತಡದ ಸೆನ್ಸರಿಗೆ ಹೋಗುವ ಕೊಳವೆಯನ್ನು ಕತ್ತರಿಸಿ ಟೀ ಜೋಡಣೆ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕೆಂದು ಎಂಜಿನ್ನಿನ ಕಂಪ್ಯೂಟರ್ ತೀರ್ಮಾನಿಸುವುದು ಆ ಸೆನ್ಸರಿನ ಮಾತಿನ ಮೇಲೆ. ಅಲ್ಲಿ ಸಣ್ಣ ಸೋರಿಕೆ ಆದರೂ ಐಡಲ್ (ಥ್ರಾಟಲ್ ಕೊಡದೆ ನಿಂತಾಗಿನ ಎಂಜಿನ್ ಓಟ) ಏರುಪೇರಾಗುತ್ತದೆ. ಎಲ್ಲಿ ಜೋಡಿಸಿದರೂ, ಮುಗಿದ ಮೇಲೆ ಎಂಜಿನ್ ಬಿಸಿಮಾಡಿ ಐಡಲ್ ಮೊದಲಿನಂತೆಯೇ ಇದೆಯೇ ಎಂದು ಕೇಳಿಸಿಕೊಳ್ಳಿ.

ಈ ಬಗೆಯ ಮಿತಿಯನ್ನೂ ಹೇಳಬೇಕು. ಹನಿ ಬೀಳುವುದು ಸಮಯಕ್ಕೆ ತಕ್ಕಂತೆ, ದೂರಕ್ಕೆ ತಕ್ಕಂತೆ ಅಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ಓಡುತ್ತಾ ನಿಂತಿದ್ದರೂ ಹನಿಯುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ನಿರ್ವಾತ ಕುಸಿಯುವುದರಿಂದ, ಏರುದಾರಿಯಲ್ಲಿ ದೀರ್ಘಕಾಲ ಹಾಗೆ ಓಡಿಸಿದರೆ ಹರಿವು ತಗ್ಗಬಹುದು.

ವೋಲ್ಟ್:
ಅದಕ್ಕೇ ನಾನು ಎಲೆಕ್ಟ್ರಾನಿಕ್ ಪಂಪ್ ಪರವಾಗಿದ್ದೇನೆ. ವೇಗದ ಅಥವಾ ದೂರದ ಲೆಕ್ಕ ಹಿಡಿದು ಪಂಪ್ ಅಳತೆಯ ಎಣ್ಣೆಯನ್ನು ತಳ್ಳುತ್ತದೆ. ನಿಂತಾಗ ನಿಲ್ಲುತ್ತದೆ. ಇನ್ನೂ ದೊಡ್ಡ ಲಾಭ ಚಳಿ-ಬಿಸಿಲಿನದು. ಭಾರದಿಂದ ಇಳಿಯುವ ಎಣ್ಣೆ ಬೆಳಗಿನ ಚಳಿಯಲ್ಲಿ ಗಟ್ಟಿಯಾಗಿ ನಿಧಾನವಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ತೆಳುವಾಗಿ ಓಡುತ್ತದೆ. ಬೆಳಿಗ್ಗೆ ಸರಿಯಾಗಿ ಹೊಂದಿಸಿದ್ದು ಮಧ್ಯಾಹ್ನಕ್ಕೆ ಹೆಚ್ಚಾಗಿರುತ್ತದೆ. ಪ್ರತಿ ಹೊಡೆತಕ್ಕೂ ಇಂತಿಷ್ಟೇ ತಳ್ಳುವ ಪಂಪಿಗೆ ಈ ಕಾಟ ಬಹಳ ಕಡಿಮೆ.

ಇಂಧನ ಇಂಜೆಕ್ಷನ್ ಬೈಕಿನಲ್ಲಿ ಎಂಜಿನ್ನಿನ ಉಸಿರಾಟವನ್ನು ಮುಟ್ಟದೆ ಕೆಲಸ ಮುಗಿಯುವುದು ಕೂಡ ನೆಮ್ಮದಿ. ಆದರೆ ತಂತಿಯನ್ನು ಶ್ರದ್ಧೆಯಿಂದ ಜೋಡಿಸಿ. ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ ತಂತಿಯಿಂದ ಸಂಕೇತ ತೆಗೆದುಕೊಂಡು, ಮುಖ್ಯ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಹಾಕಿ. ಫ್ಯೂಸ್ ದೂರದಲ್ಲಿದ್ದರೆ, ಬ್ಯಾಟರಿಗೂ ಅದಕ್ಕೂ ನಡುವಿನ ತಂತಿ ಎಲ್ಲಾದರೂ ಉಜ್ಜಿ ಚೌಕಟ್ಟಿಗೆ ತಗುಲಿದರೆ ಕಾಪಾಡುವವರಿಲ್ಲ. ಇಂಜೆಕ್ಷನ್ನಿನ ಅಥವಾ ಎಬಿಎಸ್‌ನ ತಂತಿಗಳಿಗೆ ಕೈ ಹಾಕಲೇಬೇಡಿ.

ನಿಧಾನಸವಾರ:
ಇವೆರಡರ ನಡುವೆ ಮೂರನೆಯದೊಂದು ಇದೆ. ಟುಟೋರೋದ ಸ್ವಯಂಚಾಲಿತ ಮಾದರಿ ಬೈಕಿನ ಅಲುಗಾಟದಿಂದಲೇ ಕವಾಟ ತೆರೆಯುತ್ತದೆ. ನಿರ್ವಾತವೂ ಬೇಡ, ವಿದ್ಯುತ್ತೂ ಬೇಡ. ಟ್ಯಾಂಕನ್ನು ನೇರವಾಗಿ ನಿಲ್ಲಿಸಿ ಕಟ್ಟಿದರೆ ಆಯಿತು. ಕೋಬ್ರಾ ನೀಮೋ ಇನ್ನೂ ಸರಳ, ಹ್ಯಾಂಡಲಿನ ಮೇಲಿನ ಮುಚ್ಚಳವನ್ನು ಸವಾರ ಸ್ವಲ್ಪ ತಿರುಗಿಸಿದಾಗ ಒಂದಿಷ್ಟು ಎಣ್ಣೆ ಇಳಿಯುತ್ತದೆ. ಅದು ಸ್ವಯಂಚಾಲಿತವಲ್ಲ, ಆದರೆ ಮಳೆ ಶುರುವಾದಾಗ ತಿರುಗಿಸಿಕೊಳ್ಳಬಹುದು. ದೀರ್ಘ ಪ್ರಯಾಣದ ಸವಾರರಲ್ಲಿ ಹಲವರು ಅದನ್ನೇ ಇಷ್ಟಪಡುವುದು ಕೆಡುವ ಭಾಗಗಳಿಲ್ಲ ಎಂಬ ಕಾರಣಕ್ಕೆ.

ಮಳೆದಾರಿ:
ಅಲುಗಾಟದ ಮಾದರಿ ನನಗೆ ಹಿಡಿಸಿತು. ಎಣ್ಣೆ ಯಾವುದು? ಹನಿಯನ್ನು ಹೇಗೆ ಅಳೆಯುವುದು?

ಹಳೆಸ್ಪಾನರ್:
ತಯಾರಕರ ಎಣ್ಣೆಯೇ ಸಿಕ್ಕಿದರೆ ಅದನ್ನೇ ಹಾಕಿ, ಅದರ ದಪ್ಪಕ್ಕೆ ತಕ್ಕಂತೆ ಕವಾಟ ಮಾಡಿರುತ್ತಾರೆ. ಇಲ್ಲವಾದರೆ 80ಡಬ್ಲ್ಯೂ-90 ಗೇರ್ ಆಯಿಲ್ ನಂಬಿಕೆಗೆ ಅರ್ಹ. ವಾಸನೆ ಇದೆ, ಆದರೆ ಸುಲಭವಾಗಿ ಸಿಡಿಯುವುದಿಲ್ಲ. ಚಳಿ ಪ್ರದೇಶದಲ್ಲಿ ಅದು ಕೊಳವೆಯಲ್ಲಿ ತೆವಳುತ್ತದೆ, ಆಗ ಎಂಜಿನ್ ಆಯಿಲ್ ಮೇಲು. ಮರ ಕತ್ತರಿಸುವ ಗರಗಸದ ಚೈನಿನ ಎಣ್ಣೆಯನ್ನೂ ಕೆಲವರು ಬಳಸುತ್ತಾರೆ. ಅದರಲ್ಲಿ ಎಳೆಎಳೆಯಾಗಿ ಅಂಟುವ ಗುಣ ಸೇರಿಸಿರುತ್ತಾರೆ, ಸಿಡಿತ ಕಡಿಮೆ, ಆದರೆ ಸಣ್ಣ ತೂತಿನ ಕವಾಟಗಳಲ್ಲಿ ಕಟ್ಟಿಕೊಳ್ಳುವ ಸಂಭವ ಹೆಚ್ಚು. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಮಾತ್ರ ಹಾಕಬೇಡಿ. ಅದರಲ್ಲಿರುವ ಲೋಹದ ಪುಡಿಯನ್ನು ನಾವೇ ಕೈಯಾರೆ ಚೈನಿಗೆ ಉಣಿಸಿದಂತಾಗುತ್ತದೆ.

ಹನಿಯ ಲೆಕ್ಕ ಹೀಗೆ. ಮೊದಲ ಅಳತೆಗೆ ನಿಮಿಷಕ್ಕೆ ಒಂದು ಹನಿ ಇಟ್ಟುಕೊಳ್ಳಿ. ಈ ದಪ್ಪದ ಎಣ್ಣೆಯ ಸುಮಾರು 30 ಹನಿ ಸೇರಿದರೆ ಒಂದು ಮಿಲಿಲೀಟರ್ ಎಂದುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಗಂಟೆಗೆ 2 ಮಿಲಿಲೀಟರ್ ಖರ್ಚು. 50 ಮಿಲಿಲೀಟರಿನ ಟ್ಯಾಂಕು 1500 ಕಿ.ಮೀ. ಬರುತ್ತದೆ. ಒಂದು ಟ್ಯಾಂಕು ಎರಡೇ ದಿನದಲ್ಲಿ ಖಾಲಿಯಾಯಿತು ಎನ್ನುವವರ ಚೈನಿಗೆ ಎಣ್ಣೆ ಸಾಲದೆ ಹಾಗಾಗಿರುವುದಿಲ್ಲ, ಅದು ನೆಲಕ್ಕೂ ರಿಮ್ಮಿಗೂ ಹೋಗಿರುತ್ತದೆ. ಸರಿಯಾಗಿ ಹೊಂದಿಸಿದ ಮೇಲೆ ಹಲವರ ಹನಿ ಎರಡು ನಿಮಿಷಕ್ಕೊಂದಕ್ಕೆ ಇಳಿಯುತ್ತದೆ.

ಅಳೆಯಲು ತುದಿಯನ್ನು ಸ್ಪ್ರಾಕೆಟ್ಟಿನಿಂದ ಬಿಡಿಸಿ ಬಿಳಿ ಕಾಗದದ ಮೇಲೆ ಹಿಡಿಯಿರಿ. ನಿರ್ವಾತದ್ದಾದರೆ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಓಡಿಸಿ ಎಣಿಸಿ. ನಿಮ್ಮದು ಅಲುಗಾಟದ್ದಾದ್ದರಿಂದ ನಿಂತಲ್ಲಿ ಎಣಿಸಿದ್ದು ಓಟದಲ್ಲಿ ಹಾಗೇ ಇರುತ್ತದೆಂದು ನಂಬಬೇಡಿ, ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ ನೂರಾರು ಕಿಲೋಮೀಟರ್ ಓಡಿಸಿದ ಮೇಲೆ ಎಷ್ಟು ಇಳಿದಿದೆ ನೋಡಿ.

ಮಳೆದಾರಿ:
ಕೊಳವೆಯನ್ನು ಎಲ್ಲಿಂದ ಹಾಯಿಸಬೇಕು? ಸ್ವಿಂಗ್‌ಆರ್ಮಿಗೆ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳಿಗೆ) ತೂತು ಕೊರೆಯಬೇಕಾಗುತ್ತದೆಯೇ?

ಗೇರ್‌ಬಾಕ್ಸ್:
ಖಂಡಿತ ಕೊರೆಯಬೇಡಿ. ಸ್ವಿಂಗ್‌ಆರ್ಮ್ ಭಾರ ಹೊರುವ ಭಾಗ, ತೂತಿನ ಅಂಚಿನಿಂದಲೇ ಬಿರುಕು ಹುಟ್ಟುವುದು. ಬೈಕಿನ ಹಿಂಭಾಗವನ್ನು ಎತ್ತುವ ಸ್ಟ್ಯಾಂಡ್ ಹಿಡಿಯಲೆಂದು ಬಾಬಿನ್ ಎಂಬ ಗುಬಟು ಹಾಕುವ ತಿರುಪಿನ ತೂತು ಇದ್ದರೆ ಅಲ್ಲಿಗೆ ತಗಡಿನ ಪಟ್ಟಿ ಕಟ್ಟಬಹುದು. ಅದಕ್ಕಿಂತ ಒಳ್ಳೆಯ ಜಾಗ ಆಕ್ಸಲ್ಲಿನ ಬಳಿಯ ಚೈನ್ ಹೊಂದಿಕೆಯ ಭಾಗ. ಏಕೆಂದರೆ ಚೈನು ಬಿಗಿಮಾಡಿದಾಗಲೆಲ್ಲ ಚಕ್ರ ಹಿಂದಕ್ಕೆ ಸರಿಯುತ್ತದೆ. ಪಟ್ಟಿ ಸ್ವಿಂಗ್‌ಆರ್ಮಿಗೆ ಅಂಟಿದ್ದರೆ ತುದಿ ಅಲ್ಲಿಯೇ ಉಳಿದು ಸ್ಪ್ರಾಕೆಟ್ ಮಾತ್ರ ದೂರವಾಗುತ್ತದೆ, ಕೆಲವೇ ಮಿಲಿಮೀಟರ್ ಸರಿದರೂ ತುದಿ ಸಪಾಟು ಪಟ್ಟಿಯಿಂದ ಹಲ್ಲಿನ ಮೇಲೆ ಬಂದಿರುತ್ತದೆ. ಆಕ್ಸಲ್ಲಿನೊಂದಿಗೆ ಚಲಿಸುವ ಭಾಗಕ್ಕೆ ಕಟ್ಟಿದರೆ ಈ ತೊಂದರೆಯೇ ಇಲ್ಲ. ಸ್ವಿಂಗ್‌ಆರ್ಮಿಗೆ ಕಟ್ಟಿದವರು ಪ್ರತಿ ಬಾರಿ ಚೈನು ಬಿಗಿಮಾಡಿದ ಮೇಲೆ ತುದಿಯನ್ನು ನೋಡಲೇಬೇಕು.

ಕೊಳವೆ ಟ್ಯಾಂಕಿನಿಂದ ತುದಿಯವರೆಗೆ ಇಳಿಜಾರಾಗಿಯೇ ಇರಲಿ. ನಡುವೆ ಮೇಲೇರಿ ಇಳಿದರೆ ಆ ಉಬ್ಬಿನಲ್ಲಿ ಗಾಳಿ ನಿಂತು ಹರಿವು ತಡೆಯುತ್ತದೆ. ಸ್ವಿಂಗ್‌ಆರ್ಮ್ ತಿರುಗುವ ಕೀಲಿನ ಬಳಿ ಸ್ವಲ್ಪ ಸಡಿಲ ಬಿಡಿ, ಹಿಂಬದಿ ಸವಾರರು ಕೂತಾಗ ಕೊಳವೆ ಎಳೆಯಬಾರದು. ಸೈಲೆನ್ಸರಿನಿಂದ ದೂರವಿರಲಿ. ಕೊಳವೆ ಕಟ್ಟುವ ಪ್ಲಾಸ್ಟಿಕ್ ಟೈಗಳನ್ನು ಎಳೆದು ಬಿಗಿದರೆ ಕೊಳವೆ ಚಪ್ಪಟೆಯಾಗುತ್ತದೆ, ಅಲ್ಲಾಡದಷ್ಟು ಬಿಗಿದರೆ ಸಾಕು. ಕೊನೆಯ ಒಂದು ಗೇಣಿಗೆ ತುಕ್ಕು ಹಿಡಿಯದ ತಂತಿಯನ್ನು ಕೊಳವೆಯ ಜೊತೆಗೆ ಕಟ್ಟಿ ಆಕಾರ ಕೊಡಿ. ಆ ಭಾಗ ಒಂದು ವೇಳೆ ಬಿಚ್ಚಿಕೊಂಡರೂ ಚೈನಿನ ಕಡೆಗಲ್ಲ, ಹೊರಗಡೆಗೆ ಬೀಳುವಂತಿರಬೇಕು.

ಕೆಸರುಗಾಲಿ:
ಇದೇ ಚರ್ಚೆಯಲ್ಲಿ ನನ್ನದೂ ಒಂದು ಪ್ರಶ್ನೆ. ನನ್ನ ನಿರ್ವಾತದ ಆಯ್ಲರ್ ಓಡುವಾಗ ಸರಿಯಾಗಿಯೇ ಇದೆ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಅಂಗೈಯಗಲ ಎಣ್ಣೆ ಇರುತ್ತದೆ.

ಹಳೆಸ್ಪಾನರ್:
ನಿಲ್ಲಿಸಿದ ಮೇಲೆ ಒಂದೆರಡು ಹನಿ ಬಿದ್ದರೆ ಅದು ತುದಿಯಲ್ಲಿ ಉಳಿದದ್ದು, ಚಿಂತೆ ಬೇಡ. ಅಂಗೈಯಗಲ ಎಂದರೆ ಕವಾಟ ಪೂರ್ತಿ ಮುಚ್ಚುತ್ತಿಲ್ಲ. ಬಹುತೇಕ ಕಸದ ಕಣವೊಂದು ಕವಾಟದ ಅಂಚಿನಲ್ಲಿ ಕೂತಿರುತ್ತದೆ. ಟ್ಯಾಂಕು ಖಾಲಿ ಮಾಡಿ, ತಯಾರಕರು ಹೇಳಿದಂತೆ ಒಳಗೆ ತೊಳೆದು, ಶುದ್ಧ ಎಣ್ಣೆ ತುಂಬಿ. ತುಂಬುವ ಮುನ್ನ ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿಕೊಳ್ಳಿ, ಕಣ ಒಳಗೆ ಬೀಳುವುದು ಅಲ್ಲಿಂದಲೇ. ಆಮೇಲೆ ಬೈಕನ್ನು ಪಕ್ಕದ ಸ್ಟ್ಯಾಂಡಿನಲ್ಲೇ ನಿಲ್ಲಿಸಿ ತುದಿಯ ಕೆಳಗೆ ಕಾಗದ ಇಟ್ಟು ರಾತ್ರಿ ಬಿಡಿ. ಮತ್ತೆ ಸೋರಿದರೆ ಕವಾಟ ಬದಲಾಯಿಸುವುದೇ ದಾರಿ. ಅಲ್ಲಿಯವರೆಗೆ ಪ್ರತಿದಿನ ಹೊರಡುವ ಮುನ್ನ ಟೈರು ನೋಡದೆ ಹತ್ತಬೇಡಿ.

ಒಣದಾರಿ:
ಮುಂದಿನ ಸ್ಪ್ರಾಕೆಟ್ಟಿಗೇ ಎಣ್ಣೆ ಕೊಟ್ಟರೆ ಟೈರಿನ ಭಯವೇ ಇರುವುದಿಲ್ಲವಲ್ಲ? ಮುಚ್ಚಳದ ಒಳಗೇ ಸಿಡಿಯುತ್ತದೆ.

ಗೇರ್‌ಬಾಕ್ಸ್:
ಕೆಲವರು ಹಾಗೆ ಮಾಡುತ್ತಾರೆ, ಕೆಲಸವೂ ಆಗುತ್ತದೆ. ತೊಂದರೆ ಎಂದರೆ ತುದಿ ಕಣ್ಣಿಗೆ ಕಾಣುವುದಿಲ್ಲ. ಅದು ಸರಿದರೂ, ಮುರಿದು ಚೈನಿಗೆ ಸಿಕ್ಕಿದರೂ ಮುಚ್ಚಳ ಬಿಚ್ಚುವವರೆಗೆ ತಿಳಿಯುವುದಿಲ್ಲ. ಹೊರಹೋಗದ ಎಣ್ಣೆ ಅಲ್ಲೇ ಮಣ್ಣಿನ ಜೊತೆ ಸೇರಿ ಗಟ್ಟಿ ಕೆಸರಾಗುತ್ತದೆ. ದಿನವೂ ಬಗ್ಗಿ ನೋಡಬಹುದಾದ ಜಾಗವೇ ನನಗೆ ಇಷ್ಟ.

ನಿಧಾನಸವಾರ:
ಜೋಡಿಸುವ ಮುನ್ನ ಒಂದು ಕೆಲಸ ಮರೆಯಬೇಡಿ. ಹಳೆಯ ಸ್ಪ್ರೇಯ ಅಂಟನ್ನು ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಹೊಸ ಎಣ್ಣೆ ಅದನ್ನು ಕರಗಿಸಿ ಕಪ್ಪು ಮುದ್ದೆಗಳಾಗಿ ಎಸೆಯುತ್ತದೆ. ಸೀಮೆಎಣ್ಣೆ ಮತ್ತು ಮೆತ್ತನೆಯ ಬ್ರಷ್ ಸಾಕು. ಪೆಟ್ರೋಲ್ ಉಂಗುರಗಳಿಗೆ ಹಾನಿ, ತಂತಿಯ ಬ್ರಷ್ ಅವನ್ನು ಸೀಳುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಓಡಿಸಿ ಗೇರಿಗೆ ಹಾಕಿ ಚೈನು ಒರೆಸುವವರಿದ್ದಾರೆ, ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿನೊಳಗೆ ಹೋಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ತೊಳೆದ ಮೇಲೆ ಚೈನಿನ ಉದ್ದವನ್ನೂ ಅಳೆದಿಡಿ. 520, 525, 530 ಎಂಬ ಅಳತೆ ಸಂಖ್ಯೆಯ ಚೈನುಗಳಲ್ಲಿ ಪಿನ್ನಿನಿಂದ ಪಿನ್ನಿಗೆ 15.875 ಮಿ.ಮೀ., ಅಂದರೆ ಹೊಸ ಚೈನಿನ 20 ಕೊಂಡಿ 317.5 ಮಿ.ಮೀ. 428 ಆದರೆ 12.7 ಮಿ.ಮೀ., 20 ಕೊಂಡಿಗೆ 254. ಬದಲಾಯಿಸುವ ಮಿತಿ ಬೈಕಿನ ಕೈಪಿಡಿಯಲ್ಲಿರುತ್ತದೆ. ಈಗಾಗಲೇ ಮಿತಿಯ ಹತ್ತಿರವಿದ್ದರೆ ಮೊದಲು ಚೈನು ಮತ್ತು ಎರಡೂ ಸ್ಪ್ರಾಕೆಟ್ ಬದಲಾಯಿಸಿ, ಆಮೇಲೆ ಆಯ್ಲರ್.

ಮಳೆದಾರಿ:
ಜೋಡಿಸಿ ಮುಗಿಸಿದೆ. ಟ್ಯಾಂಕನ್ನು ಸೀಟಿನ ಪಕ್ಕದ ಚೌಕಟ್ಟಿಗೆ ನೇರವಾಗಿ ಕಟ್ಟಿದ್ದೇನೆ, ತುದಿಯ ಪಟ್ಟಿ ಆಕ್ಸಲ್ ಬಳಿ ಇದೆ. ಅಳೆದಾಗ 20 ಕೊಂಡಿ 318 ಮಿ.ಮೀ. ಇತ್ತು, ಹಾಗಾಗಿ ಚೈನು ಉಳಿಸಿಕೊಂಡೆ. ಒಂದು ಮಳೆಯ ವಾರ ಕಳೆದಿದೆ, ಕಂದು ಬಣ್ಣ ಎಲ್ಲಿಯೂ ಇಲ್ಲ. ಪಕ್ಕದ ತಗಡನ್ನು ಬೆರಳಿನಿಂದ ಮುಟ್ಟಿದರೆ ಎಣ್ಣೆಯ ತೆಳು ಪಸೆ ಅಂಟುತ್ತದೆ, ಹನಿ ನಿಲ್ಲುವುದಿಲ್ಲ. ಆದರೆ ರಿಮ್ಮಿನ ಎಡಭಾಗದಲ್ಲಿ ಮಧ್ಯದಿಂದ ಅಂಚಿನ ಕಡೆಗೆ ಕಪ್ಪು ಗೆರೆಗಳು ಮೂಡಿವೆ. ಒಳಗಿನ ಬದಿಯ ಕೊಂಡಿಗಳು ಹೊರಗಿನಷ್ಟು ಒದ್ದೆಯಾಗಿಲ್ಲ.

ಹಳೆಸ್ಪಾನರ್:
ಪಸೆ ಸರಿಯಾಗಿದೆ, ಅದಕ್ಕಿಂತ ಹೆಚ್ಚು ಬೇಡ. ಗೆರೆಗಳು ಎಂದರೆ ಇನ್ನೂ ಸ್ವಲ್ಪ ಹೆಚ್ಚಾಗುತ್ತಿದೆ. ಮಳೆ ನಿಂತ ಮೇಲೆ ಹರಿವನ್ನು ಒಂದು ಗುರುತು ಇಳಿಸಿ, ಮತ್ತೆ ಮಳೆ ಬಂದಾಗ ಒಂದು ಗುರುತು ಏರಿಸಿ. ಒಣ ಮರಳಿನ ದಾರಿಗೆ ಹೋಗುವುದಿದ್ದರೆ ಇನ್ನೂ ಇಳಿಸಿ, ಬೇಕಾದರೆ ಮುಚ್ಚಿಯೇ ಬಿಡಿ.

ಒಳಬದಿಯ ಕೊಂಡಿಗಳನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಎಣ್ಣೆಯ ಗುರುತು ಹತ್ತಿದರೆ ರೋಲರಿನ ಮೂಲಕ ಆಚೆಗೂ ಹೋಗುತ್ತಿದೆ ಎಂದರ್ಥ, ಒಂದು ತುದಿ ಸಾಕು. ಒಣ ಕಂದು ಪುಡಿ ಬಂದರೆ ಸ್ಪ್ರಾಕೆಟ್ಟಿನ ಎರಡೂ ಮುಖಗಳನ್ನು ಮುಟ್ಟುವ ಜೋಡಿ ತುದಿ ಹಾಕಿ. ಅದನ್ನು ಹಾಕಿದ ಮೇಲೆ ಹರಿವನ್ನು ಏರಿಸಬೇಡಿ, ಅದೇ ಎಣ್ಣೆ ಎರಡು ಕಡೆ ಹಂಚಿಹೋಗಲಿ.

ಇಂದೇ ಮಾಡಬೇಕಾದದ್ದು ಒಂದಿದೆ. ಟೈರಿನ ಎಡ ಅಂಚನ್ನು, ಬೈಕು ಎಡಕ್ಕೆ ವಾಲಿದಾಗ ನೆಲಕ್ಕೆ ತಾಗುವ ಭಾಗವನ್ನು, ಒಣ ಬಟ್ಟೆಯಿಂದ ಸುತ್ತಲೂ ಒರೆಸಿ. ಗೆರೆ ರಿಮ್ಮಿನಲ್ಲಿ ನಿಂತಿದ್ದರೆ ತೊಂದರೆ ಇಲ್ಲ. ಬಟ್ಟೆಗೆ ಎಣ್ಣೆ ಹತ್ತಿದರೆ ಸಾಬೂನು ನೀರಿನಿಂದ ತೊಳೆದು, ಒಣಗಿಸಿ, ಹರಿವು ಇಳಿಸಿದ ನಂತರವೇ ರಸ್ತೆಗೆ ಇಳಿಯಿರಿ. ಹಿಂದಿನ ಬ್ರೇಕ್ ಡಿಸ್ಕನ್ನೂ ಅದೇ ಹೊತ್ತಿಗೆ ನೋಡಿಬಿಡಿ.

ಮಳೆದಾರಿ:
ಒರೆಸಿದೆ. ಟೈರಿನ ಅಂಚು ಒಣಗಿದೆ, ಡಿಸ್ಕ್ ಶುಭ್ರವಾಗಿದೆ. ಒಳಬದಿಯಿಂದ ಬಟ್ಟೆಗೆ ಎಣ್ಣೆಯ ಗುರುತು ಬಂತು, ಪುಡಿ ಇಲ್ಲ. ಒಂದು ಗುರುತು ಇಳಿಸಿದ್ದೇನೆ. ಟ್ಯಾಂಕಿನ ಮಟ್ಟಕ್ಕೆ ಮತ್ತೆ ಗೆರೆ ಹಾಕಿಕೊಂಡಿದ್ದೇನೆ, 500 ಕಿ.ಮೀ. ಆದ ಮೇಲೆ ಎಷ್ಟು ಇಳಿಯಿತೆಂದು ಇಲ್ಲಿ ಬರೆಯುತ್ತೇನೆ.